ಮೂರು ನಿಮಿಷ

ಪೋರ್ಟ್ ಹ್ಯಾಲ್ಡೇನ್ ನಗರಸಭೆಯ ನಡಾವಳಿ ಬರೆಯುವವನು ನಾನು.
ಯಾರು ಸೂಚಿಸಿದರು, ಯಾರು ಅನುಮೋದಿಸಿದರು,
ಪರ ಎಷ್ಟು, ವಿರುದ್ಧ ಎಷ್ಟು.
ಕೆಮ್ಮು ಬರೆಯುವಂತಿಲ್ಲ, ಕುರ್ಚಿ ಕಿರುಗುಟ್ಟಿದ್ದು ಬರೆಯುವಂತಿಲ್ಲ.
ಐಲಿ ಕಂಗಸ್ನಿಯೆಮಿ ಕೈಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು
ಆಯವ್ಯಯದ ಹಾಳೆಯ ಮೇಲೇ ಸುಲಿಯುತ್ತಿದ್ದಳು.
ಮೂವತ್ನಾಲ್ಕು ವರ್ಷ, ನಾಲ್ಕನೆಯ ವಾರ್ಡು.
ಅದೂ ಎಲ್ಲೂ ದಾಖಲಾಗಿಲ್ಲ.
ಪುಸ್ತಕದಲ್ಲಿ ಅವಳು ಮಾನ್ಯ ಸದಸ್ಯೆ. ನನ್ನೊಳಗೆ ಬರೀ ಐಲಿ.

ಮೊದಲು ಗೆದ್ದಾಗ ಅವಳ ಗಂಡ ಓರ್ವೊ
ಬಂದರಿನ ಗೋಧಿ ಕಣಜದಲ್ಲಿ ದೂಳು ಕುಡಿಯುತ್ತಿದ್ದ.
ಮನೆಯ ಫೋನ್ ನಂಬರು ಇಡೀ ವಾರ್ಡಿಗೆ ಬಾಯಿಪಾಠ.
ಬೆಳಗಿನ ಐದಕ್ಕೆ, ಮೈನಸ್ ಮೂವತ್ತರಲ್ಲಿ, ಯಾರೋ:
“ಹಿಮ ತಳ್ಳುವ ಗಾಡಿ ನನ್ನ ಬಾಗಿಲಿಗೇ ಗುಡ್ಡ ಹಾಕಿ ಹೋಗಿದೆ.”
“ಸಲಿಕೆ ಇದೆಯಾ?”
“ಇದೆ. ಸೊಂಟ ಇಲ್ಲ.”
ಐಲಿ ತನ್ನ ಸಲಿಕೆ ಹಿಡಿದು ಹೊರಡುತ್ತಿದ್ದಳು.
ವೋಟಿಗಾಗಿ ಅನ್ನುತ್ತಿದ್ದರು, ಆಗದವರು.
ಇರಬಹುದು. ವೋಟಿಗಾಗಿಯಾದರೂ ಸಲಿಕೆ ಹಿಡಿದವರನ್ನು
ನಾನು ಬೇರೆ ಕಂಡಿಲ್ಲ.

ಎಪ್ಪತ್ತೊಂಬತ್ತರ ಮಾರ್ಚ್. ಆಗ ನಾನು ಕೆಲಸಕ್ಕೆ ಹೊಸಬ,
ಆ ಪುಟದಲ್ಲಿ ಶಾಯಿ ಚೆಲ್ಲಿದ ಗುರುತು ಇನ್ನೂ ಇದೆ.
ಠರಾವು ನೂರಾ ಹನ್ನೆರಡು: ಡಾಕ್ ಸ್ಟ್ರೀಟಿನ ಈಜುಕೊಳವನ್ನು
ನಷ್ಟದಲ್ಲಿರುವ ಕಾರಣ ಮುಚ್ಚತಕ್ಕದ್ದು.
ಪರ ಐದು, ವಿರುದ್ಧ ನಾಲ್ಕು.
ಐದನೆಯ ಕೈ ಐಲಿಯದು.

ಜುಲೈಯಲ್ಲಿ ಧಗೆ. ಮಕ್ಕಳು ಬಂದರಿಗೆ ಇಳಿದರು.
ಕೊರ್ಪಿಯವರ ಹುಡುಗ ವೆಸ್ಲಿ, ಒಂಬತ್ತು ವರ್ಷ,
ಹಡಗಿನ ನೆರಳಿಗೆ ಧುಮುಕಿದವನು ಮರುದಿನ ಸಿಕ್ಕ.
ಸುಪೀರಿಯರ್ ಸರೋವರಕ್ಕೆ ಜುಲೈ ಗೊತ್ತಿಲ್ಲ,
ಅದರ ಆಳದಲ್ಲಿ ಯಾವಾಗಲೂ ಜನವರಿ.

ಮುಂದಿನ ಸಭೆಯಲ್ಲಿ ಒಂದು ನಿಮಿಷ ಮೌನ: ಬರೆದಿದ್ದೇನೆ.
ಎಲ್ಲರೂ ಕೂತ ಮೇಲೂ ಒಬ್ಬಳು ನಿಂತೇ ಇದ್ದಳು: ಬರೆದಿಲ್ಲ.

ಆಮೇಲೆ ಪ್ರತಿ ಮಾರ್ಚಿಗೂ ಒಂದು ಠರಾವು, ಹೊಸ ಈಜುಕೊಳ.
ಸೂಚಕರು ಕಂಗಸ್ನಿಯೆಮಿ. ಅನುಮೋದಕರು ಇಲ್ಲ. ಬಿದ್ದುಹೋಯಿತು.
ಬಿದ್ದುಹೋಯಿತು.
ಓರ್ವೊ ಸತ್ತ ವಾರ ಕಪ್ಪು ಕೋಟಿನಲ್ಲೇ ಬಂದು ಮಂಡಿಸಿದಳು,
ಪರ ಎರಡು, ವಿರುದ್ಧ ಏಳು.
ಮೇಯರುಗಳು ಬದಲಾದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು.
ಆ ವಾಕ್ಯವನ್ನು ನಾನು ಮೊದಲೇ ಹೊಡೆದಿಟ್ಟುಕೊಳ್ಳುತ್ತಿದ್ದೆ,
ಸೋಲಿನ ಸಮೇತ, ದಿನಾಂಕವಷ್ಟೇ ಖಾಲಿ ಬಿಟ್ಟು.
ಈಗ ನಾಚಿಕೆಯಾಗುತ್ತದೆ.

ಹತ್ತೊಂಬತ್ತನೆಯ ಸಲ: ಪರ ಐದು, ವಿರುದ್ಧ ನಾಲ್ಕು.
ಅದೇ ಅಂಕಿ. ಅವಳು ಹಿಗ್ಗಲಿಲ್ಲ,
ಕೈಚೀಲ ತೆರೆದಳು, ಮೊಟ್ಟೆಯಿರಲಿಲ್ಲ, ಮುಚ್ಚಿದಳು.
ಕೊಳಕ್ಕೆ ಅವಳ ಹೆಸರಿಡೋಣವೆಂದಾಗ
“ನನ್ನ ಹೆಸರು ಹಳೆಯ ಕೊಳದ ಮೇಲಿದೆ” ಎಂದಳು.
ಹೊಸ ಸದಸ್ಯರು ಮುಖ ಮುಖ ನೋಡಿಕೊಂಡರು.

ದೇವತೆಯೇನಲ್ಲ ಐಲಿ. ತಮ್ಮನ ಮಗನಿಗೆ ನೀರಿನ ಇಲಾಖೆಯಲ್ಲಿ
ಕೆಲಸ ಹೇಗೆ ಸಿಕ್ಕಿತೆಂದು ಊರಿಗೇ ಗೊತ್ತು.
ಮಾತು ಎಳೆಯುವವರನ್ನು ಕಂಡರೆ ಆಗದು:
ಸಾರ್ವಜನಿಕರಿಗೆ ಮೂರೇ ನಿಮಿಷ, ಆಮೇಲೆ ಗಂಟೆ.
ತೊಂಬತ್ತೊಂದರ ಆ ನಿಯಮ ಅವಳದೇ.
ಕೊನೆಗೆ ಸೋತದ್ದು ನಲವತ್ತೊಂದು ಮತಕ್ಕೆ,
ಅವಳು ಹಾಕಿಸಿದ ಕಾಲುದಾರಿಯಲ್ಲೇ
ಮನೆಮನೆ ತಿರುಗಿದ ಹುಡುಗನಿಗೆ.

ಕಳೆದ ಮಂಗಳವಾರ ಮೈಕಿನ ಮುಂದೆ ಅವಳು.
ಹೆಸರು, ವಿಳಾಸ ಹೇಳಿ, ಎಂದರು ಹೊಸ ಮೇಯರ್.
ಅಕ್ಷರ ಬಿಡಿಸಿ ಹೇಳಿದಳು.
ಕೊಳದ ಬಾಗಿಲಲ್ಲಿ ದೀಪ ಉರಿಯುತ್ತಿಲ್ಲ. ನಾಲ್ಕೂವರೆಗೇ ಕತ್ತಲು.
ಮಕ್ಕಳು ಒದ್ದೆ ತಲೆಯಲ್ಲಿ ಬಸ್ಸಿಗೆ ಕಾಯುತ್ತವೆ.
ಮೂರು ಸಲ ಅರ್ಜಿ ಕೊಟ್ಟೆ, ಒಂದೊಂದರ ತಾರೀಖು ಹೇಳುತ್ತೇನೆ...
ಗಂಟೆ ಬಾರಿಸುವುದೂ ನನ್ನ ಕೆಲಸವೇ.
ಅವಳು ಗಡಿಯಾರ ನೋಡಲಿಲ್ಲ, ನನ್ನ ಕೈ ನೋಡಿದಳು.
“ಆ ಕಂಬದ ನಂಬರು”
ಬಾರಿಸಿದೆ.
ಬಾಯಿ ಮುಚ್ಚಿ, ಕೋಲು ಊರುತ್ತ ಹೋಗಿ ಕೂತಳು.

ಮರುದಿನ ಸಂಜೆ ಡಾಕ್ ಸ್ಟ್ರೀಟಿಗೆ ಹೋದೆ.
ಕಂಬಕ್ಕೆ ಮೆತ್ತಿದ ಹಿಮವನ್ನು ಕೈಗವಸಿನಿಂದ ಒರೆಸಿ,
ಬೆಂಕಿಕಡ್ಡಿ ಗೀರಿ ಓದಿದೆ. ನಾಲ್ಕು ಸೊನ್ನೆ ಆರು.
ಅವಳು ಹೇಳಿದಳೆಂದೇ ಬರೆದಿದ್ದೇನೆ.