ತೂಕದ ಕಲ್ಲು

ಜುಲೈ ತಿಂಗಳಿಡೀ ನನ್ನ ಕೆಲಸ ಇಷ್ಟೆ:
ಗೇಟಿನ ಪಕ್ಕದ ತಗಡಿನ ಗೂಡಿನಲ್ಲಿ ಕೂತು
ಬರುವವರಿಗೆ ಖಾಲಿ ಬುಟ್ಟಿ ಕೊಡುವುದು,
ಹೋಗುವಾಗ ತುಂಬಿದ್ದನ್ನು ತೂಗಿ ಕಾಸು ಎಣಿಸುವುದು,
ನಡುವೆ ಕಣಜ ಓಡಿಸುವುದು.

ಹೊರಗಿನ ಹಲಗೆಯನ್ನು ಚಳಿಗಾಲ ಸ್ವಲ್ಪಸ್ವಲ್ಪವೇ ತಿನ್ನುತ್ತದೆ.
ಈ ಸಲ ‘ನೀವೇ’ ಅಳಿಸಿಹೋಗಿ
ಬರೀ ‘ಕಿತ್ತುಕೊಳ್ಳಿ’ ಉಳಿದಿದೆ.
ಯಾರೂ ತಪ್ಪು ತಿಳಿದಿಲ್ಲ.

ಸ್ಕಾಟ್ಲೆಂಡಿನ ಬಿಸಿಲನ್ನು ನಂಬಿ ಅರ್ಧ ತೋಳಿನಲ್ಲಿ
ಪರ್ತ್‌ನಿಂದ, ಡಂಡಿಯಿಂದ ಬರುತ್ತಾರೆ.
ಅವರ ಮಕ್ಕಳನ್ನು ಒಂದು ಸಾಲಿಗೆ ಹಚ್ಚುವುದೆಂದರೆ
ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ,
ಒಬ್ಬನನ್ನು ಹಿಡಿದರೆ ಇಬ್ಬರು ಪೊದೆಯೊಳಗೆ.
ಹೊರಬಂದಾಗ ಬುಟ್ಟಿಯಲ್ಲಿ ಒಂಬತ್ತು ರಾಸ್ಪ್‌ಬೆರಿ,
ಗಲ್ಲ, ಮೂಗು, ಕಿವಿಯ ತನಕ ಕೆಂಪು.
“ತಿಂದಿಲ್ಲ” ಎನ್ನುತ್ತವೆ, ಆ ನಾಲಿಗೆಯನ್ನೇ ಹೊರಗಿಟ್ಟು.
ಹೊಟ್ಟೆ ತೂಗುವ ತಕ್ಕಡಿ ನಮ್ಮಲ್ಲಿಲ್ಲ.

ಎಫಿ ಲಾಮಂಡ್ ಮಾತ್ರ ನನ್ನ ಬುಟ್ಟಿ ಮುಟ್ಟುವುದಿಲ್ಲ.
ಎಂಬತ್ತೆರಡರ ಸೊಂಟಕ್ಕೆ ಸೆಣಬಿನ ಹುರಿ ಬಿಗಿದು
ಸೊಟ್ಟಗಾದ ತಗಡಿನ ಡಬ್ಬಿ ಕಟ್ಟಿಕೊಂಡು ಬರುತ್ತಾಳೆ.
“ಎರಡೂ ಕೈ ಬಿಡುವಾಗಿರಬೇಕು, ಹುಡುಗೀ.”
ನನಗೆ ಐವತ್ತಾರು.
ಖಾಲಿ ಡಬ್ಬಿಯ ತೂಕ ಸೀಮೆಸುಣ್ಣದಲ್ಲಿ ಬರೆದುಕೊಂಡು ಒಳಗೆ ಬಿಡುತ್ತೇನೆ.

ಅವಳು ಕೀಳುವುದನ್ನು ನೋಡಬೇಕು.
ಎಲೆ ಮಗುಚಿ, ಹೆಬ್ಬೆರಳು ಒಂದಿಷ್ಟೇ ಒತ್ತಿದರೆ
ಹಣ್ಣು ತಾನಾಗಿ ಕಳಚಿ ಅಂಗೈಗೆ ಇಳಿಯುತ್ತದೆ,
ಗಿಡದಲ್ಲಿ ಬಿಳಿ ಮೊನೆ ಉಳಿಯುತ್ತದೆ
ಟೋಪಿ ತೆಗೆದ ಪುಟ್ಟ ಬೋಳುತಲೆಯಂತೆ.
ಬಾರದ ಹಣ್ಣನ್ನು ಎಳೆಯುವುದಿಲ್ಲ.
“ಇದು ನಾಡಿದ್ದಿನದು” ಎಂದು ಮುಂದೆ ಹೋಗುತ್ತಾಳೆ.

ಹಿಂದೆ ಸೆಣಬಿನ ಗಿರಣಿಯ ಓಣಿಗಳಿಂದ ಲಾರಿ ತುಂಬ ಹೆಂಗಸರು,
ರಜೆ ಬಿಟ್ಟ ಮಕ್ಕಳು, ಇದೇ ಸಾಲುಗಳಿಗೆ ಬರುತ್ತಿದ್ದರಂತೆ.
ಎಂಟು ವರ್ಷದ ಎಫಿ ಅವರಲ್ಲೊಬ್ಬಳು.
ಪೌಂಡಿಗೆ ಮೂರು ಪೆನ್ನಿ.
ಇಬ್ಬನಿ ಆರುವ ಮೊದಲೇ ಕಿತ್ತರೆ ನೀರೂ ತೂಗುತ್ತದೆ,
ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು.
ಶಾಲೆಯ ಬೂಟು ಆ ಡಬ್ಬಿಯಿಂದಲೇ ಬರಬೇಕಿತ್ತು.
ತೂಗುತ್ತಿದ್ದವನು ನನ್ನ ಅಜ್ಜ ಆರ್ಚಿ.
ಭಾನುವಾರ ಚರ್ಚಿನಲ್ಲಿ ಅವನದು ಮುಂದಿನ ಬೆಂಚು.

ಮೊನ್ನೆ ಮಂಗಳವಾರ ಮರಿಮಗ ರೂರಿಯನ್ನು ಕರೆತಂದಿದ್ದಳು.
ಎರಡು ಗಂಟೆ. ಸಣ್ಣ ಮಳೆ ಬಂದು ಹೋಯಿತು.
ಡಬ್ಬಿ ತಕ್ಕಡಿಗಿಟ್ಟಳು. ಎರಡು ಕಿಲೋ, ಮೇಲೊಂದು ಚೂರು.
ಚೂರಿನದನ್ನು ಬಿಡುತ್ತೇನೆಂದರೂ ಕೇಳದೆ ಪೂರ್ತಿ ಎಣಿಸಿಟ್ಟಳು.
ರಟ್ಟಿನ ಪೆಟ್ಟಿಗೆಗೆ ನಾನು ಮೆಲ್ಲಗೆ ಸುರಿಯುವಾಗ
ಎಲ್ಲಕ್ಕೂ ಕೊನೆಗೆ ದಡ್ಡೆಂದು ಬಿತ್ತು
ಮುಷ್ಟಿಗಾತ್ರದ ಕಲ್ಲು, ರಸ ಬಳಿದುಕೊಂಡು.

“ತೂಗಿದೆಯಲ್ಲ, ಇಟ್ಟುಕೋ” ಎಂದಳು.
“ಆಗ ದಿನಕ್ಕೊಂದು ಹಾಕುತ್ತಿದ್ದೆ,
ನಿನ್ನಜ್ಜ ಹಣ್ಣೆಂದು ಕಾಸು ಕೊಟ್ಟ.
ಈಗ ನಾನು ಹಣ್ಣೆಂದು ಕೊಟ್ಟಿದ್ದೇನೆ.
ವರ್ಷಕ್ಕೊಂದರಂತೆ ತೀರಿಸಿದರೆ ಯಾವಾಗ ಮುಗಿದೀತು,
ಈ ಮಂಡಿ ಕೇಳಬೇಕಲ್ಲ.”

ಹೇಳಿಬಿಡೋಣ ಅನ್ನಿಸಿತು.
ಹಿಂದಿನ ಕೊಟ್ಟಿಗೆಯಲ್ಲಿ ಹಳೆಯ ತಕ್ಕಡಿ ಇನ್ನೂ ನೇತಾಡುತ್ತಿದೆ.
ಕಲ್ಲಿಡುವ ತಟ್ಟೆಯ ಅಡಿಗೆ
ಯಾರಿಗೂ ಕಾಣದಂತೆ ಬೆಸೆದ ಸೀಸದ ಬಿಲ್ಲೆ.
ಬಣ್ಣ ಬಳಿಯಲು ಇಳಿಸಿದಾಗ ನನ್ನ ಬೆರಳಿಗೆ ತಾಕಿತ್ತು.
ಗಂಡನಿಗೂ ಹೇಳಿಲ್ಲ.

ಆದರೆ ರೂರಿ ಅವಳನ್ನೇ ನೋಡುತ್ತಿದ್ದ ಬಾಯಿ ಬಿಟ್ಟು,
ಅವಳ ಮುಖದಲ್ಲಿ ಎಪ್ಪತ್ತು ವರ್ಷ ಜತನದಿಂದ ಕಾಪಾಡಿದ
ಕಳ್ಳತನದ ಹೊಳಪು.
ಅದನ್ನು ಹೇಗೆ ಕಿತ್ತುಕೊಳ್ಳಲಿ?
ಚಿಲ್ಲರೆ ಕೊಟ್ಟೆ. ರಸೀದಿ ಕೊಟ್ಟೆ.
ಡಬ್ಬಿಯ ಅಂಟು ಒರೆಸಿ ಕೊಟ್ಟೆ.

ಕಲ್ಲು ಇಲ್ಲೇ ಇದೆ, ಮೇಜಿನ ಮೇಲೆ,
ಗಾಳಿಗೆ ಚೀಟಿಗಳು ಹಾರದಿರಲೆಂದು.
ಎರಡು ಸಲ ತೊಳೆದಿದ್ದೇನೆ.
ಕಣಜಗಳು ಮಾತ್ರ ಅದನ್ನಿನ್ನೂ
ಹಣ್ಣೆಂದೇ ತಿಳಿದಿವೆ.