ಒಲೆ ಆರಿಸುವ ಮುನ್ನ

ಹಿಟ್ಟಿನ ಚೀಲವೊಂದನ್ನು ಸೀಳಿ, ಬೋರಲು ಹಾಸಿ
ಅಪ್ಪ ಅದರ ಬೆನ್ನ ಮೇಲೆ ದೇಶ ಬರೆದ.
ಕೆಳಗೆ ನಮ್ಮ ಶೇಲಾ: ಬೆಟ್ಟ, ಚಳಿ, ಬೇಕರಿ.
ಮೇಲೆ, ಹೊಲಿಗೆಯ ಅಂಚಿಗೆ, ಪೆತೆನ್ ಕಾಡು.
ಬಲಕ್ಕೆ, ಬೆಣ್ಣೆಯ ಕಲೆ ಬಿದ್ದಲ್ಲಿ, ಸಮುದ್ರ.
ನಡುವೆ ಬಸ್ಸು ಬದಲಿಸುವ ಊರುಗಳಿಗೆ
ಒಂದೊಂದು ಎಳ್ಳು.

ಪವಿತ್ರ ವಾರ ಕಳೆದ ಮರುದಿನ ಹೊರಡುವುದು.
ಅಲ್ಲಿಯವರೆಗೆ ಊರಿಗೆಲ್ಲ ಬ್ರೆಡ್ಡು,
ನೆರೆಯವರು ನೆರೆಯವರಿಗೆ ಹಂಚುವ ಬುಟ್ಟಿ ಬುಟ್ಟಿ ಬ್ರೆಡ್ಡು,
ಆಮೇಲೆ ಎಂಟು ದಿನ ಯಾರಿಗೂ ನಮ್ಮ ಮುಖ ಬೇಡ.
ಆದರೆ ಒಲೆ?
ನಾನು ಹುಟ್ಟುವ ಮುಂಚೆ ಹೊತ್ತಿಸಿದ್ದು.
ತಣ್ಣಗಾದರೆ ಇಟ್ಟಿಗೆ ಮುನಿಸಿಕೊಳ್ಳುತ್ತದೆ,
ಮತ್ತೆ ಹದಕ್ಕೆ ಬರಲು ಮೂರು ದಿನ ರಮಿಸಬೇಕು,
ಎಂದ ಅಪ್ಪ, ಒಲೆಯ ಕಡೆ ಬೆನ್ನು ಮಾಡಿ,
ಅದಕ್ಕೆ ಕೇಳಿಸದ ಹಾಗೆ.

ಅಮ್ಮನ ಕೈಲಿ ಪೆನ್ಸಿಲ್ಲು, ಕಿವಿಯ ಹಿಂದೆ ಇನ್ನೊಂದು.
"ಸಮುದ್ರ ಬೇಕಾದರೆ ಚಂಪೆರಿಕೊ ಇದೆಯಲ್ಲ,
ಎರಡು ಗಂಟೆ ದಾರಿ, ಕರಿಮರಳು, ಸಂಜೆಗೆ ಮನೆ."
"ಅಲ್ಲಿ ಕಾಯಿಬ್ರೆಡ್ಡು ಮಾಡುವುದಿಲ್ಲ," ಎಂದ ಅಪ್ಪ.
ಲಿವಿಂಗ್‌ಸ್ಟನ್ನಿನ ಗರಿಫುನಾ ಹೆಂಗಸರ ಬ್ರೆಡ್ಡು
ಮೂರನೇ ದಿನಕ್ಕೂ ಮೆತ್ತಗಿರುವುದು ಯಾಕೆ?
ಇಪ್ಪತ್ತು ವರ್ಷದಿಂದ ಅವನ ನಿದ್ದೆ ಕೆಡಿಸಿದ್ದು ಅದೊಂದೇ.
ಅಮ್ಮ ಬರೆದಳು: ದೋಣಿ, ಐದು ಜನ.
ಕಾಯಿಬ್ರೆಡ್ಡು, ಬರೀ ರುಚಿಗೆ.

ತಿಕಾಲ್‌ಗೆ ಬಂದಾಗ ಅವಳ ಕೈ ನಿಂತಿತು.
"ಈ ದೇಶದವರಿಗೆ ಟಿಕೆಟ್ಟು ಅಗ್ಗ. ಗುರುತಿನ ಚೀಟಿ ಮರೆತೀರಿ!
ಕಟ್ಟಿದವರ ಮೊಮ್ಮಕ್ಕಳು ಅಂದರೆ
ಕಿಟಕಿಯವನು ನಂಬುವುದಿಲ್ಲ."
ನಾವು ನಕ್ಕೆವು. ಆಮೇಲೆ ಸ್ವಲ್ಪ ಹೊತ್ತು ನಗಲಿಲ್ಲ.
ಆ ಗೋಪುರವನ್ನು ನಾನು ಕಂಡದ್ದು
ಹಳೆಯ ಅರ್ಧ ಕೆತ್ಸಾಲ್ ನೋಟಿನ ಬೆನ್ನಲ್ಲಿ,
ಮಡಿಕೆ ಸವೆದು ಮೆಟ್ಟಿಲು ಅಳಿಸಿಹೋದದ್ದು.

ಆಗ ವಿಲ್ಮರನ ಬಾಯಲ್ಲಿ
ಗುಲಾಬಿ ಗುಳ್ಳೆಯೊಂದು ಊದಿ ಊದಿ, ಟಪ್ಪೆಂದಿತು.

ಮೂಲೆಯಲ್ಲಿ ಕಾಳು ಬಿಡಿಸುತ್ತಿದ್ದ ಅಜ್ಜಿ ತಲೆಯೆತ್ತಿದಳು.
ಎದ್ದು ಬಂದಳು. ಸಿಪ್ಪೆಯ ಹಸಿರು ಹತ್ತಿದ ಬೆರಳು
ಚೀಲದ ಮೇಲೆ ನಡೆದು ನಡೆದು
ಅಪ್ಪ ಏನೂ ಬರೆಯದ ಕಡೆ ನಿಂತಿತು.
"ಇಲ್ಲಿ ಸೆಫೆರಿನೊ," ಎಂದಳು, ಕಿಚೆಯಲ್ಲಿ.

ಯಾರದು ಎಂದು ಅಪ್ಪನಿಗೂ ಗೊತ್ತಿರಲಿಲ್ಲ.

ಅಜ್ಜಿಯ ಅಣ್ಣ. ಹದಿನೇಳಕ್ಕೆ ಹೋದವನು,
ಮಳೆಗಾಲದ ಕೂಲಿಗೆ, ಸೊಂಟಕ್ಕೆ ಹಗ್ಗ, ಕೈಗೆ ಮಚ್ಚು.
ಚಿಕ್ಕು ಮರ ಹತ್ತುವುದು;
ತೊಗಟೆಯಲ್ಲಿ ಹಾವು ಹರಿದಂತೆ ಗಾಯ ಕೊಯ್ಯುವುದು;
ಬುಡಕ್ಕೆ ಚೀಲ ಕಟ್ಟಿ ಹಾಲಿಗೆ ಕಾಯುವುದು;
ಕಾಸಿ, ಗಟ್ಟಿ ಕಟ್ಟಿ, ಹೇಸರಗತ್ತೆಯ ಬೆನ್ನಿಗೇರಿಸುವುದು,
ಯಾರೋ ಎಲ್ಲೋ ಜಗಿದು ಉಗಿಯಲಿಕ್ಕೆ.
ಎರಡು ಸಲ ವಾಪಸು ಬಂದ, ಒಮ್ಮೆ ಹಸಿರು ರಿಬ್ಬನ್ನು ತಂದ.
ಮೂರನೆಯ ಸಲ ಹಗ್ಗ ಮಾತ್ರ ಬಂತು, ಇನ್ನೊಬ್ಬರ ಕೈಲಿ.
ಮರದಿಂದ ಬಿದ್ದ ಅಂದರು. ಹಾವು ಅಂದರು.
ಗಡಿಯಾಚೆ ಬೆಲೀಜಿನಲ್ಲಿ ಹೆಂಡತಿ ಮಕ್ಕಳಿದ್ದಾರೆ ಅಂದರು.
"ಹಗ್ಗ ಗಟ್ಟಿಯಾಗಿತ್ತು," ಎಂದಳು ಅಜ್ಜಿ. "ಹಸು ಕಟ್ಟಿದೆವು."

ಆಮೇಲೆ:
"ಗಾಯ ಮಾಡಿದ ಮರ ಬದುಕುತ್ತದಂತೆ.
ಕಲೆ ಮಾತ್ರ ಹೋಗುವುದಿಲ್ಲವಂತೆ.
ಗೋಪುರ ನೀವು ಹತ್ತಿ.
ನನಗೊಂದು ಮರ ತೋರಿಸಿದರೆ ಸಾಕು."

ಅಮ್ಮ ಪೆನ್ಸಿಲ್ಲಿನ ಮೊನೆಯನ್ನು ನಾಲಗೆಗೆ ತಾಗಿಸಿ
ಬರೆದಳು: ಮರ, ಒಂದು.
ಎದುರಿಗೆ ಖರ್ಚಿನ ಜಾಗ ಖಾಲಿ ಬಿಟ್ಟಳು.

ಈಗಿನದು ಮರದ ಹಾಲಲ್ಲ, ಕಾರ್ಖಾನೆಯದು ಎಂದು
ಹೇಳಹೊರಟೆ, ಹೇಳಲಿಲ್ಲ.
ವಿಲ್ಮರ ಜಗಿಯುವುದನ್ನು ನಿಲ್ಲಿಸಿದ್ದ.
ನುಂಗಲಾರ, ಉಗಿಯಲಾರ,
ಕಾಣದ ದೊಡ್ಡಜ್ಜನ ಕೂಲಿಯನ್ನು
ದವಡೆಯಲ್ಲಿ ಹಿಡಿದು ಕೂತಿದ್ದ.

ಬೆಳಗಿನ ಮೂರು ಗಂಟೆ. ಮೊದಲ ಹಿಟ್ಟು ಉಬ್ಬಿ
ಮುಚ್ಚಿದ ಬಟ್ಟೆಯನ್ನು ಎತ್ತುತ್ತಿತ್ತು.
ಅಪ್ಪ ದೇಶವನ್ನು ಕೊಡವಿ, ನಾಲ್ಕಾಗಿ ಮಡಿಸಿ
ಉಪ್ಪಿನ ಡಬ್ಬಿಯ ಕೆಳಗಿಟ್ಟ. ಎಳ್ಳು ಉದುರಿದವು.
ಅಜ್ಜಿ ಬಗ್ಗಿ ಒಂದೊಂದೇ ಹೆಕ್ಕಿ
ಅಂಗೈಲಿಟ್ಟು ಕೇಳತೊಡಗಿದಳು:
"ಇದು ಯಾವ ಊರಾಗಿತ್ತು?"