ಅಟ್ಟಕ್ಕೆ ಎಸೆದವನು

ಕೆಳಗೆ ಚಿತ್ತಯ್ಯ, ಮೇಲೆ ಅಟ್ಟದ ಕತ್ತಲಲ್ಲಿ ನಾನು.
ತಿಪಟೂರು, ನೊಣವಿನಕೆರೆ ರಸ್ತೆಯ ಕೊಬ್ಬರಿ ಮನೆ.
ನೂರು ಕಾಯಿಗೆ ಇಷ್ಟು ಅಂತ ಕೂಲಿ,
ಬಿದ್ದು ಒಡೆದರೆ ಅದರಲ್ಲಿ ಮುರಿದುಕೊಳ್ಳುತ್ತಿದ್ದರು.
ಅವನ ಲೆಕ್ಕದಲ್ಲಿ ಒಂದೂ ಮುರಿದದ್ದಿಲ್ಲ.

ಸಿಪ್ಪೆ ಸಮೇತ ಕಾಯಿ
ತೊಟ್ಟು ಮುಂದಾಗಿ ಬುಗುರಿಯ ಹಾಗೆ ತಿರುಗುತ್ತ ಬರೋದು,
ಅಂಗೈಯೊಳಗೆ ಇನ್ನೊಂದು ಸುತ್ತು ಸುತ್ತಿ
ಮಗು ನಿದ್ದೆಹೋದಂತೆ ಸುಮ್ಮನಾಗೋದು.
ಅವನು ಎಸೆಯುತ್ತಿದ್ದದ್ದು ನನ್ನ ಕೈಗಲ್ಲ,
ನನ್ನ ಕೈ ಇನ್ನೂ ಹೋಗಿರದ ಜಾಗಕ್ಕೆ.
"ನೋಡಿ ಎಸೆಯೋ" ಅಂದರೆ
"ಕತ್ತಲಲ್ಲಿ ನೋಡೋದೇನು, ನಿನ್ನ ಉಸಿರು ಕೇಳ್ತದೆ" ಅನ್ನೋನು.

ಆ ವರ್ಷ ಎಲ್ಲಿಂದಲೋ ಒಂದು ಲೀಗು ಬಂತು.
ಅಮೆರಿಕದ ಫುಟ್‌ಬಾಲು, ಕೈಯಲ್ಲೇ ಆಡುವ ಫುಟ್‌ಬಾಲು.
ಪಿ.ಟಿ. ಮೇಷ್ಟ್ರು ನಂಜರಾಜಯ್ಯ ತಮ್ಮ ಸ್ಕೂಟರಿನಲ್ಲೇ
ಅವನನ್ನು ಸೆಲೆಕ್ಷನ್ನಿಗೆ ಕರೆದೊಯ್ದರು.
ಕೋಚು ಚೆಂಡು ಕೊಟ್ಟ.
ಚಿತ್ತಯ್ಯ ತಿರುವಿ ನೋಡಿ, ಮೂಸಿ,
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.
ಏನು ಕೇಳ್ತಿದ್ದೀಯ ಅಂದರೆ
"ನೀರಿದೆಯಾ ಅಂತ."
ಆಮೇಲೆ ಎಸೆದ.
ಐವತ್ತು ಗಜದಾಚೆ ಕಾದು ನಿಂತವನು
ಹಿಡಿಯಲಿಲ್ಲ, ತಲೆ ಬಗ್ಗಿಸಿ ಕೂತುಬಿಟ್ಟ.

ಕ್ವಾರ್ಟರ್‌ಬ್ಯಾಕು.
ಅವನವ್ವ ಆ ಮಾತು ಕೇಳಿ ಸೆರಗಿನಿಂದ ಮೂಗೊರೆಸಿಕೊಂಡು
"ಕ್ವಾರ್ಟರು ಬಿಟ್ಟೆ ಅಂತ ಆಣೆ ಇಟ್ಟಿದ್ದೆಯಲ್ಲೋ" ಅಂದಳು.
ಸಂಬಳ ಎಷ್ಟು ಅಂತ ತಿಳಿದ ಮೇಲೆ
ಊರಿಡೀ ಅದೇ ಪದ ಹೇಳಿಕೊಂಡು ಬಂದಳು, ತಪ್ಪುತಪ್ಪಾಗಿ.

ಎರಡು ಸೀಸನ್ನು ಆಡಿದ.
ಎದುರಾಳಿಗೆ ತಿಳಿಯಬಾರದಲ್ಲ,
ಅವನ ಗುಟ್ಟಿನ ಮಾತೆಲ್ಲ ನಮ್ಮೂರ ಬಸ್ಸಿನ ಬೋರ್ಡು:
ಕೆ.ಬಿ. ಕ್ರಾಸ್ ಅಂದರೆ ಎಡಕ್ಕೆ ಹೊರಳು,
ಬಿದರೆಗುಡಿ ಅಂದರೆ ನೇರ,
ಗಾಡಿ ಬಂತು ಅಂದರೆ ಎಲ್ಲ ಬಿಟ್ಟು ಓಡು.
ಬೇಕರಿಯ ಟೀವಿಯಲ್ಲಿ ನೋಡುತ್ತಿದ್ದೆ ನಾನು,
ಮಣಿಪುರದ ಹುಡುಗನೊಬ್ಬ, ಹರಿಯಾಣದವನೊಬ್ಬ,
"ಬಿದರೆಗುಡಿ, ಬಿದರೆಗುಡಿ" ಅಂತ ಒದರಿಕೊಂಡು ಓಡೋದು.
ನನ್ನ ಕೈ ತಾನಾಗಿ ಮೇಲೇಳುತ್ತಿತ್ತು.
ಬನ್ನು ಬಿತ್ತು ಒಂದು ಸಲ.

ಎಸೆದ ಕೂಡಲೇ ಏಟು, ಅದು ಆ ಆಟದ ನೇಮ.
ಮೂರು ಜನ ಮೇಲೆ ಬಿದ್ದಿರೋರು, ಬಾಯಲ್ಲಿ ಹುಲ್ಲು.
ಚೆಂಡು ಎಲ್ಲಿ ಸೇರಿತೆಂದು ಅವನು ಕಂಡದ್ದೇ ಕಡಿಮೆ.
ಜನ ಕೂಗಿದರೆ ಸೇರಿತು,
ಸುಮ್ಮನಾದರೆ ಇಲ್ಲ.
ಒಂದು ರಾತ್ರಿ ಜನ ಬಹಳ ಹೊತ್ತು ಕೂಗಿದರು,
ಅವನು ಏಳಲಿಲ್ಲ.

ಭುಜಕ್ಕೆ ಮೊಳೆ ಹೊಡೆದರು. ಅಷ್ಟರಲ್ಲಿ
ಲೀಗೂ ಅಂಗಡಿ ಮುಚ್ಚಿತ್ತು. ಕಡೆಯ ಚೆಕ್ಕು
ಬ್ಯಾಂಕಿನ ತನಕ ಹೋಗಿ ವಾಪಸು ಬಂತು.
ಉಳಿದದ್ದು ಹೆಲ್ಮೆಟ್ಟು. ಅದನ್ನೇ ಹಾಕಿಕೊಂಡು
ಮೊಪೆಡ್ಡಿನಲ್ಲಿ ಹೊರಟವನನ್ನು
ಹಾಸನ ಸರ್ಕಲ್ಲಿನಲ್ಲಿ ಪೊಲೀಸಿನವನು ತಡೆದು
ಜಾಲರಿಯೊಳಕ್ಕೆ ಬೆರಳು ತೂರಿಸಿ ನೋಡಿ
ಇದು ನಡೆಯೋದಿಲ್ಲ ಅಂತ ದಂಡ ಹಾಕಿದ.
ಈ ಕಥೆಯನ್ನು ಚಿತ್ತಯ್ಯನೇ ಎಲ್ಲರಿಗೂ ಹೇಳುತ್ತಾನೆ.
ಆ ರಾತ್ರಿಯದನ್ನು ಹೇಳುವುದಿಲ್ಲ.

ಹೋದ ವಾರ ಕೊಬ್ಬರಿ ಮನೆಗೆ ಬಂದ.
ಕಾಯಿಯ ರಾಶಿ ನೋಡಿದ, ಅಟ್ಟ ನೋಡಿದ,
ಬಲಗೈ ಕಿವಿಯವರೆಗೂ ಏರದು.
"ನಾನು ಮೇಲೆ ಹೋಗ್ತೀನಿ, ನೀನು ಎಸಿ" ಅಂದು
ಎಡಗೈಯಲ್ಲಿ ಏಣಿ ಹಿಡಿದು ಹತ್ತಿದ.

ಎಸೆದೆ. ಗೋಡೆಗೆ ಬಡಿಯಿತು.
ಎಸೆದೆ. "ನಾನು ಇರೋ ಕಡೆ ಎಸೀತಿದ್ದೀಯ" ಅಂತ
ಕತ್ತಲಿಂದ ಬೈದ.
ಸುಮ್ಮನೆ ನಿಂತು ಕಿವಿಗೊಟ್ಟೆ.
ರಸ್ತೆಯಲ್ಲಿ ಲಾರಿ, ಪಕ್ಕದ ಮಿಲ್ಲು,
ಅದೆಲ್ಲ ಕಳೆದ ಮೇಲೆ ಒಂದು ಉಸಿರು,
ಸ್ವಲ್ಪ ಎಡಕ್ಕೆ ಸರಿಯುತ್ತಿರುವುದು.
ಎಸೆದೆ.

ಸದ್ದಿಲ್ಲ.
ಆಮೇಲೆ ಮೇಲಿಂದ ಲೊಟಲೊಟ ಅಂತು,
ಹೋದ ವರ್ಷದ ಒಣಗಿದ ಕಾಯಿಯೋ,
ಅವನ ಭುಜವೋ.
ಕೇಳಲಿಲ್ಲ ನಾನು.
"ಇನ್ನೂ ನಾನೂರಿದೆ" ಅಂದ. "ಕೆ.ಬಿ. ಕ್ರಾಸ್."